ಎಂಬತ್ತೆಂಟನೆಯ ಲಕೋಟೆ

ಸುಂಕದ ಅಧಿಕಾರಿ ಮೂರನೆಯ ಸಲ ಎಣಿಸಿದರು. ಮೂರನೆಯ ಸಲವೂ ಎಂಬತ್ತೆಂಟೇ ಬಂತು.

"ಪರವಾನಗಿಯಲ್ಲಿ ಎಂಬತ್ತೇಳು ಅಂತಿದೆ," ಎಂದು ಆಕೆ ಪೆನ್ಸಿಲಿನಿಂದ ಕಾಗದದ ಮೇಲಿನ ಅಂಕಿಯನ್ನು ತೋರಿಸಿದರು. "ಒಂದು ಕಡಿಮೆ ಬಂದಿದ್ರೆ, ಪಾಪ, ಎಲ್ಲೋ ಕಳ್ಕೊಂಡಿದ್ದಾರೆ ಅಂತ ಸುಮ್ಮನಾಗ್ತಿದ್ದೆ. ಒಂದು ಹೆಚ್ಚು ಬಂದಿದೆ. ಇದನ್ನ ಏನಂತ ಬರ್ಕೊಳ್ಳಲಿ?"

ಚಿಕ್ಕಮ್ಮ ಲಕೋಟೆಗಳ ಸಾಲನ್ನು ತಾವೂ ಒಮ್ಮೆ ಕಣ್ಣಿನಲ್ಲೇ ಎಣಿಸಿದರು. ವಸ್ತುಸಂಗ್ರಹಾಲಯದ ನಾಣ್ಯ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು ಅವರು. ನಾಣ್ಯ ಕಾಣೆಯಾದದ್ದನ್ನು ನೋಡಿದ್ದರು, ಅದಲುಬದಲಾದದ್ದನ್ನು ನೋಡಿದ್ದರು, ಗುಮಾಸ್ತನೊಬ್ಬ ಆಕಳಿಸುವ ಹೊತ್ತಿಗೆ ನುಂಗಿಬಿಟ್ಟದ್ದನ್ನೂ ನೋಡಿದ್ದರು. ಬೀಗ ಹಾಕಿದ ಪೆಟ್ಟಿಗೆಯೊಳಗೆ ನಾಣ್ಯ ಮರಿ ಹಾಕಿದ್ದನ್ನು ಕಾಣುತ್ತಿರುವುದು ಮಾತ್ರ ಇದೇ ಮೊದಲು.

ಗಡಿ ನಿಲ್ದಾಣದ ತಪಾಸಣೆಯ ಕೋಣೆ ಬಹಳ ಚಿಕ್ಕದು. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಪುಟ್ಟ ತಕ್ಕಡಿ, ನೀರಿನ ಹೂಜಿ, ಎರಡು ಗಾಜಿನ ಲೋಟ. ಕಿಟಕಿಯಾಚೆ ಅವರನ್ನು ಇಲ್ಲಿಯವರೆಗೆ ತಂದ ರೈಲು ನಿಂತಿತ್ತು. ಅದು ಗಡಿ ದಾಟಲು ಹೊರಡುವುದು ಹನ್ನೊಂದೂ ನಲವತ್ತಕ್ಕೆ. ಗೋಡೆಯ ಗಡಿಯಾರ ಹನ್ನೊಂದಕ್ಕೆ ಇನ್ನೆರಡು ನಿಮಿಷ ಎನ್ನುತ್ತಿತ್ತು.

ಈ ನಾಣ್ಯಗಳೆಲ್ಲ ಚಿಕ್ಕಮ್ಮನ ಅಣ್ಣನವು. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡುತ್ತ ಒಂದೊಂದಾಗಿ ಕೂಡಿಸಿದ್ದನ್ನು, ಹೋಗುವಾಗ ಆತ ಅಕ್ಕನ ಮಗಳ ಹೆಸರಿಗೆ ಬರೆದಿಟ್ಟಿದ್ದರು. ಅವಳು ಗಡಿಯಾಚೆಯ ಊರಿನಲ್ಲಿ ಹಲ್ಲಿನ ವೈದ್ಯೆ. ಅವಳಿಗೇ ಯಾಕೆ ಎಂದು ನೆಂಟರೆಲ್ಲ ಮೂಗು ಮುರಿದಾಗ ಉಯಿಲಿನಲ್ಲೇ ಉತ್ತರವಿತ್ತು: ಮುಟ್ಟದೆ ನೋಡಲು ಬರುವುದು ಮನೆಯಲ್ಲಿ ಅವಳೊಬ್ಬಳಿಗೇ.

ಇವನ್ನು ಕ್ಷೇಮವಾಗಿ ಆಚೆ ದಾಟಿಸುವ ಹೊಣೆ ಚಿಕ್ಕಮ್ಮನ ಹೆಗಲಿಗೆ ಬಿತ್ತು. ಮನೆಯವರ ಬಾಯಲ್ಲಿ ಅವರಿಗೆ 'ಭೂತಗನ್ನಡಿ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಪ್ರತಿ ನಾಣ್ಯದ ತೂಕ, ಅಳತೆ, ಎರಡೂ ಮುಖದ ಫೋಟೊ ಸೇರಿಸಿ ಪಟ್ಟಿ ಮಾಡಿಸಿದ್ದರು. ಉಯಿಲಿನ ನಕಲು, ವಿಮೆಯ ಕಾಗದ, ಹಳೆಯ ವಸ್ತುಗಳನ್ನು ಹೊರಗೆ ಒಯ್ಯಲು ಬೇಕಾದ ಪರವಾನಗಿ, ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿದ್ದರು. ಮರದ ಪೆಟ್ಟಿಗೆ ಚೆನ್ನಾಗಿ ಕಾಣುತ್ತದೆ ಎಂದ ಅಕ್ಕನ ಮಗಳ ಗಂಡನಿಗೆ, ಅಂದರೆ ಅಳಿಯನಿಗೆ, ಮರದ ಆವಿ ಬೆಳ್ಳಿಗೆ ಆಗದು ಎಂದು ಹೇಳಿ ಅಲ್ಯೂಮಿನಿಯಂ ಪೆಟ್ಟಿಗೆ ತರಿಸಿದ್ದರು. ರೈಲಿನಲ್ಲಿ ಆ ಪೆಟ್ಟಿಗೆ ಕಣ್ಣ ಮುಂದಿನಿಂದ ಕದಲಲಿಲ್ಲ. ಊಟಕ್ಕೆ ಎದ್ದಾಗಲೂ ಅದು ಜೊತೆಗೇ ಎದ್ದಿತು.

ಅಧಿಕಾರಿಗೂ ಮೊದಲಿಗೆ ಇದೆಲ್ಲ ಬಹಳ ಹಿಡಿಸಿತ್ತು. ತೆರೆದ ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚುವುದಿಲ್ಲ, ಬೇರೆ ಕೋಣೆ ಬೇಕು ಎಂದು ಚಿಕ್ಕಮ್ಮ ಕೇಳಿದಾಗ ತಾನೇ ಎದ್ದು ಬಾಗಿಲು ತೆರೆದರು. ಮೇಜಿಗೆ ಹಾಸಲು ಚಿಕ್ಕಮ್ಮ ತಮ್ಮ ಚೀಲದಿಂದಲೇ ದಪ್ಪನೆಯ ಮೆತ್ತನೆ ಬಟ್ಟೆ ತೆಗೆದಾಗ ನಕ್ಕರು. ಇಲ್ಲಿಗೆ ಬರುವವರು ನಾಣ್ಯಗಳನ್ನು ಕಾಲುಚೀಲದಲ್ಲಿ ತುರುಕಿಕೊಂಡು, ಹಿಟ್ಟಿನ ಡಬ್ಬಿಯಲ್ಲಿ ಹೂತುಕೊಂಡು ಬರುತ್ತಾರೆಂದೂ, ಕಾಗದಪತ್ರ ಕೇಳಿದರೆ ಆಕಾಶ ನೋಡುತ್ತಾರೆಂದೂ, ಇಂಥ ಅಚ್ಚುಕಟ್ಟು ಕಂಡು ವರ್ಷಗಳಾಯಿತೆಂದೂ ಹೇಳಿದರು. ಕೈ ತೊಳೆದು, ಒರೆಸಿ, ಪೆನ್ನನ್ನು ದೂರವಿಟ್ಟು, ಚಿಕ್ಕಮ್ಮ ಹೇಳಿಕೊಟ್ಟಂತೆ ಅಂಚನ್ನಷ್ಟೇ ಹಿಡಿದು ಎಂಬತ್ತೇಳು ನಾಣ್ಯಗಳನ್ನು ನೋಡಿ ಮುಗಿಸಿದರು.

ಆಮೇಲೆ ಇನ್ನೊಂದು ಲಕೋಟೆ ಉಳಿದಿತ್ತು.

ಅಳಿಯ ಬಾಗಿಲ ಹತ್ತಿರ ನಿಂತಿದ್ದ. ಅವನು ಭೂಗೋಳದ ಮೇಷ್ಟ್ರು, ಮಾತಿನ ಮಲ್ಲ. ನಾಣ್ಯದ ಮೇಲೆ ಎಂಜಲಿನ ಹನಿ ಬಿದ್ದರೆ ಕಲೆ ಹೋಗುವುದಿಲ್ಲವೆಂದು ಚಿಕ್ಕಮ್ಮ ಅವನನ್ನು ಮೇಜಿನಿಂದ ಆರು ಅಡಿ ದೂರ ನಿಲ್ಲಿಸಿದ್ದರು. ಅಲ್ಲಿಂದಲೇ ಅವನು ಗಡಿಗಳ ಇತಿಹಾಸ ಹೇಳುತ್ತಿದ್ದ. ಈಗ ಅವನ ಬಾಯಿ ಕಟ್ಟಿಹೋಗಿತ್ತು. ಅವನ ಹೆಂಡತಿ, ಅಂದರೆ ಚಿಕ್ಕಮ್ಮ ಮಗಳೆಂದೇ ಕರೆಯುವ ಆ ಅಕ್ಕನ ಮಗಳು, ಕುರ್ಚಿಯ ತುದಿಯಲ್ಲಿ ಕೂತು ತೊಡೆಯ ಮೇಲೆ ಎರಡೂ ಕೈ ಬಿಗಿಯಾಗಿ ಹೆಣೆದುಕೊಂಡಿದ್ದಳು.

ಅಧಿಕಾರಿ ಲಕೋಟೆಯನ್ನು ಬಿಚ್ಚಿ, ಒಳಗಿದ್ದುದನ್ನು ಬಟ್ಟೆಯ ಮೇಲೆ ಜಾರಿಸಿದರು. ಬೆಳ್ಳಿಯ ನಾಣ್ಯ, ಬೆರಳಿನ ಎರಡು ಗೆಣ್ಣಿನಷ್ಟು ಅಗಲ. ಮೇಲ್ಮುಖದಲ್ಲಿ ಒಂದು ಹಾಯಿಹಡಗು.

ಚಿಕ್ಕಮ್ಮ ತಿರುಗಿಸಿ ನೋಡಲು ಕೈ ಚಾಚಿದರು. ಅಧಿಕಾರಿ ತಡೆದರು. ಪಟ್ಟಿಯಲ್ಲಿ ಇಲ್ಲದ ವಸ್ತು ಸಿಕ್ಕಿದ ಮೇಲೆ ಸಾಕ್ಷಿಗಳ ಮುಂದೆ, ಹೇಳಿಕೆ ಬರೆಸಿಕೊಂಡೇ ಅದನ್ನು ಪರೀಕ್ಷಿಸಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ ಎಂದರು. ಕಣ್ಣಿಂದ ನೋಡಲು ಅಡ್ಡಿಯಿಲ್ಲ ತಾನೇ ಎಂದು ಚಿಕ್ಕಮ್ಮ ಕೇಳಿದರು. ಕಣ್ಣಿಗೆ ಕಾನೂನಿಲ್ಲ ಎಂದು ಅಧಿಕಾರಿ ನಕ್ಕರು.

ಚಿಕ್ಕಮ್ಮ ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿ, ಮೊದಲು ಮೂಸಿ ನೋಡಿದರು.

"ಮೂಗಿಗೂ ಕಾನೂನಿಲ್ಲ ಅಂದ್ಕೋತೀನಿ," ಎಂದರು ಅಧಿಕಾರಿ.

ಮಳೆಯಂಗಿಯ ವಾಸನೆ. ಮೆತ್ತನೆಯ ಪ್ಲಾಸ್ಟಿಕ್ಕಿನ ಜೇಬುಗಳಲ್ಲಿ ವರ್ಷಗಟ್ಟಲೆ ಇಟ್ಟ ನಾಣ್ಯಕ್ಕೆ ಬರುವ ವಾಸನೆ ಅದು. ಹಡಗಿನ ಪಟದ ಮೂಲೆಯಲ್ಲಿ ಹಸಿರು ಅಂಟು ತೆಳ್ಳಗೆ ಕೂತಿತ್ತು. ಉಳಿದ ಜಾಗವೆಲ್ಲ ಹೊಸ ಚಮಚದ ಹಾಗೆ ಥಳಥಳ. ಯಾರೋ ಇದನ್ನು ಉಜ್ಜಿ ತೊಳೆದಿದ್ದರು.

ಅಣ್ಣ ತಮ್ಮ ನಾಣ್ಯಗಳಿಗೆ ಪ್ಲಾಸ್ಟಿಕ್ ಸೋಕಿಸಿದವರಲ್ಲ. ಒಳ್ಳೆಯ ಕಾಗದ ತಂದು ತಾವೇ ಲಕೋಟೆ ಕತ್ತರಿಸುತ್ತಿದ್ದರು. ತೊಳೆಯುವುದಂತೂ ದೂರದ ಮಾತು. ಒಮ್ಮೆ ಯಾರೋ ನೆಂಟರು ಪ್ರೀತಿಯಿಂದ ಅವರ ನಾಣ್ಯವೊಂದನ್ನು ಹಲ್ಲುಪುಡಿ ಹಾಕಿ ತಿಕ್ಕಿ ಕೊಟ್ಟಿದ್ದಕ್ಕೆ ಒಂದೂವರೆ ವರ್ಷ ಅವರ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮುನ್ನೂರು ವರ್ಷ ಕೂಡಿಸಿದ ಬಣ್ಣವನ್ನು ಮೂರು ನಿಮಿಷದಲ್ಲಿ ಕೆರೆದು ಹಾಕಿದರು ಎಂಬುದು ಅವರ ಸಂಕಟ.

ಚಿಕ್ಕಮ್ಮ ಲಕೋಟೆಯತ್ತ ತಿರುಗಿದರು. ಲಕೋಟೆ ಅಣ್ಣನದೇ, ಅವರ ಮೇಜಿನ ಖಾನೆಯಲ್ಲಿ ಇಂಥ ಖಾಲಿ ಲಕೋಟೆಗಳು ಹತ್ತಿಪ್ಪತ್ತು ಉಳಿದಿದ್ದವು. ಆದರೆ ಅದರ ಮೇಲಿನ ಅಂಕಿ? ಅಣ್ಣ ಎಂಟನ್ನು ಬರೆಯುತ್ತಿದ್ದುದು ಗಡಿಯಾರದ ಎರಡು ಹಲ್ಲುಚಕ್ರಗಳನ್ನು ಒಂದರ ಮೇಲೊಂದು ಕೂರಿಸಿದಂತೆ, ಎರಡು ಬೇರೆ ಬೇರೆ ಸೊನ್ನೆಗಳಾಗಿ. ಇಲ್ಲಿ ಎರಡೂ ಎಂಟುಗಳು ಒಂದೇ ಎಳೆತದಲ್ಲಿ ತಿರುಗಿ ಬಂದಿದ್ದವು.

"ಇದು ನಮ್ಮಣ್ಣನ ನಾಣ್ಯ ಅಲ್ಲ," ಎಂದರು ಚಿಕ್ಕಮ್ಮ ನೆಟ್ಟಗಾಗುತ್ತ. "ನಮ್ಮ ಪರವಾನಗಿಯ ನೆರಳಲ್ಲಿ ಯಾರೋ ತಮ್ಮದನ್ನ ದಾಟಿಸೋಕೆ ನೋಡಿದ್ದಾರೆ."

ಅಧಿಕಾರಿ ಒಂದು ಗಾಜಿನ ಲೋಟವನ್ನು ನಾಣ್ಯದ ಮೇಲೆ ಬೋರಲು ಹಾಕಿದರು. ಅವರ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಮಾತು ಖಡಕ್ಕಾಯಿತು. ನೀವು ಹೇಳುವುದನ್ನು ನಾನು ನಂಬುತ್ತೇನೆ, ನನ್ನ ಕಾಗದ ನಂಬುವುದಿಲ್ಲ ಎಂದರು. ಯಾರು ಇಟ್ಟರೆಂದು ಗೊತ್ತಾಗದಿದ್ದರೆ ಇಡೀ ಪೆಟ್ಟಿಗೆ ಮುಟ್ಟುಗೋಲು. ಪರವಾನಗಿ ರದ್ದು. ಮಾಲೀಕಳೆಂದು ಸಹಿ ಹಾಕಿರುವ ಮಗಳ ಮೇಲೆ ಮೊಕದ್ದಮೆ. ಎಂಬತ್ತೇಳು ನಾಣ್ಯಗಳೂ ಸರ್ಕಾರದ ಉಗ್ರಾಣದ ಗೋಣಿಚೀಲದಲ್ಲಿ ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿಕೊಂಡು ಬಿದ್ದಿರುತ್ತವೆ.

ಗೋಣಿಚೀಲ ಎಂದೊಡನೆ ಚಿಕ್ಕಮ್ಮ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನನ್ನ ಪೆನ್ಸಿಲಿಗೆ ಮೊನೆ ಮಾಡ್ಕೊಳ್ಳಬೇಕು," ಎಂದರು ಅಧಿಕಾರಿ, ಚೂಪಾಗಿಯೇ ಇದ್ದ ಪೆನ್ಸಿಲನ್ನು ನೋಡುತ್ತ. "ಹನ್ನೊಂದೂವರೆಯಾಗುತ್ತೆ. ಅಷ್ಟರಲ್ಲಿ ಏನಾದ್ರೂ ಗೊತ್ತಾದ್ರೆ ಹೇಳಿ."

ಮಂಗಳವಾರ ಪರವಾನಗಿ ಕಚೇರಿಯಲ್ಲಿ ಎಣಿಸಿದಾಗ ಎಂಬತ್ತೇಳು ಇದ್ದವು. ಬುಧವಾರ ಮಧ್ಯಾಹ್ನ ಚಿಕ್ಕಮ್ಮ ತಮ್ಮ ಕೈಯಾರೆ ಪೆಟ್ಟಿಗೆಗೆ ಜೋಡಿಸಿದರು: ಮೂರು ತಟ್ಟೆ, ತಟ್ಟೆಗೆ ಮೂವತ್ತು ಗೂಡು. ಮೂರನೆಯ ತಟ್ಟೆಯ ಕೊನೆಯ ಸಾಲಿನಲ್ಲಿ ಮೂರು ಗೂಡು ಖಾಲಿ ಉಳಿದವು. ಸಂಜೆ ಏಳಕ್ಕೆ ಮಗಳು ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು. ಗುರುವಾರ, ಅಂದರೆ ಇವತ್ತು, ಬೆಳಗಾಗುತ್ತಲೇ ರೈಲು. ಹಾಗಾದರೆ ಕಿತಾಪತಿ ನಡೆದದ್ದು ಬುಧವಾರ ಮಧ್ಯಾಹ್ನಕ್ಕೂ ಸಂಜೆ ಏಳಕ್ಕೂ ನಡುವೆ.

ಆ ಹೊತ್ತಿನಲ್ಲಿ ಅಣ್ಣನ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಚಿಕ್ಕಮ್ಮ ಒಂದು ಚೀಟಿಯಲ್ಲಿ ಬರೆದರು. ಮೊದಲು ತಮ್ಮ ಹೆಸರು, ಯಾಕೆಂದರೆ ಕೆಲಸ ಅಂದರೆ ಕೆಲಸ. ಆಮೇಲೆ ಮಗಳು, ಅಳಿಯ. ಕೊನೆಗೆ ನಿಧಾನಪ್ಪ.

ಮಗಳ ಹೆಸರನ್ನು ಬರೆದರೇ ಹೊರತು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿಧಾನಪ್ಪ ಎಂದರೆ ಅಣ್ಣನ ಹಳೆಯ ಗೆಳೆಯರು, ನಾಣ್ಯದ ಅಂಗಡಿಯವರು. ನಿಧಾನಪ್ಪ ಎಂದು ಹೆಸರಿಟ್ಟವರು ಅಣ್ಣನೇ. ಅವರು ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ತಾವು ಒಂದು ಗೋಡೆ ಗಡಿಯಾರ ಬಿಚ್ಚಿ ಜೋಡಿಸುತ್ತೇನೆ ಎನ್ನುತ್ತಿದ್ದರು. ಗೆಳೆಯನ ನಾಣ್ಯಗಳನ್ನು ಕೊನೆಯ ಸಲ ನೋಡಬೇಕೆಂದು ಅವರು ಬುಧವಾರ ಸಂಜೆ ಬಂದಿದ್ದರು. ಗಡಿಯಾಚೆ ನಾಣ್ಯಪ್ರದರ್ಶನ ಇದೆಯೆಂದು ಇವತ್ತು ಇದೇ ರೈಲಿನಲ್ಲಿ ಹೊರಟಿದ್ದರು. ಅವರ ಒಂದೇ ಒಂದು ಚೀಲದ ತಪಾಸಣೆ ಆಗಲೇ ಮುಗಿದು, ಈಗ ಹೊರಗೆ ಕಾಯುವ ಸಭಾಂಗಣದಲ್ಲಿ ಕೂತಿದ್ದರು.

ಚಿಕ್ಕಮ್ಮ ಮೊದಲು ಅಳಿಯನ ಮುಖ ನೋಡಿದರು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಏನಾದ್ರೂ ಹೇಳೋದಿದ್ಯಾ ಅಳಿಯಂದಿರೇ?"

ಬುಧವಾರ ಐದು ಗಂಟೆಯ ಹೊತ್ತಿಗೆ ತಾನು ಪೆಟ್ಟಿಗೆ ತೆರೆದದ್ದು ನಿಜ ಎಂದು ಅಳಿಯ ಒಪ್ಪಿಕೊಂಡ. ಹವೆಯಲ್ಲಿ ತೇವ ಜಾಸ್ತಿ ಇದೆ ಅನ್ನಿಸಿತಂತೆ. ಅದಕ್ಕೆ ತನ್ನ ಕ್ಯಾಮೆರಾ ಚೀಲದಲ್ಲಿದ್ದ ತೇವ ಹೀರುವ ಹರಳುಗಳ ಪೊಟ್ಟಣವೊಂದನ್ನು ಒಳಗಿಟ್ಟನಂತೆ. ಚಿಕ್ಕಮ್ಮ ಬೈಯುತ್ತಾರೆಂದು ಹೇಳಿರಲಿಲ್ಲ. ಆಮೇಲೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ, ಯಾಕೆಂದರೆ ಘೋಷಣಾ ಪತ್ರದಲ್ಲಿ ಆ ಪೊಟ್ಟಣವನ್ನು ನಮೂದಿಸಿರಲಿಲ್ಲ.

ಅಧಿಕಾರಿ ತಲೆ ತಗ್ಗಿಸಿ ಪೆನ್ಸಿಲಿಗೆ ಮೊನೆ ಮಾಡುತ್ತಿದ್ದರು. ಅವರ ಭುಜಗಳು ಕುಲುಕುತ್ತಿದ್ದವು.

ಚಿಕ್ಕಮ್ಮ ಮಾತ್ರ ನಗಲಿಲ್ಲ. ಪೊಟ್ಟಣವನ್ನು ಎಲ್ಲಿಟ್ಟಿರಿ ಎಂದು ಕೇಳಿದರು. ಮೂರನೆಯ ತಟ್ಟೆಯ ಮೊದಲ ಖಾಲಿ ಗೂಡಿನಲ್ಲಿ, ಇಪ್ಪತ್ತೇಳನೆಯದರ ಪಕ್ಕದಲ್ಲೇ ಎಂದ ಅಳಿಯ. ಭೂಗೋಳದ ಮೇಷ್ಟ್ರು, ಜಾಗದ ವಿಷಯದಲ್ಲಿ ತಪ್ಪುವವನಲ್ಲ.

ಚಿಕ್ಕಮ್ಮ ತಟ್ಟೆಯನ್ನು ನೋಡಿದರು. ಪೊಟ್ಟಣ ಈಗ ಮೂವತ್ತನೆಯ ಗೂಡಿನಲ್ಲಿತ್ತು. ಇಪ್ಪತ್ತೆಂಟನೆಯದರಿಂದ ಅದನ್ನು ಎತ್ತಿ ಮೂಲೆಗಿಟ್ಟು, ಅದರ ಜಾಗದಲ್ಲಿ ಯಾರೋ ಲಕೋಟೆ ಕೂರಿಸಿದ್ದರು. ಅಂದರೆ ಐದು ಗಂಟೆಯ ಆಚೆಗೆ.

ನಿಧಾನಪ್ಪ ಬಂದದ್ದು ಐದೂವರೆಗೆ. ಆಗ ಅಳಿಯ ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದ. ಚಿಕ್ಕಮ್ಮ ಹಜಾರದಲ್ಲಿ ವಿಮೆಯವರ ಜೊತೆ ಫೋನಿನಲ್ಲಿ ಜಗ್ಗಾಡುತ್ತಿದ್ದರು. ತಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ ಎಂದಳು ಮಗಳು. ನಿಧಾನಪ್ಪನವರು ಪೆಟ್ಟಿಗೆಯ ಮುಂದೆ ಇಪ್ಪತ್ತು ನಿಮಿಷ ಒಬ್ಬರೇ ಕೂತಿದ್ದರು. ಅವರ ಅಂಗಡಿಯಲ್ಲಿ ನಾಣ್ಯಗಳಿರುವುದು ಎಂಥದರಲ್ಲಿ ಎಂದು ಚಿಕ್ಕಮ್ಮನಿಗೆ ನೆನಪಿತ್ತು. ದಪ್ಪ ದಪ್ಪ ಆಲ್ಬಮ್ಮುಗಳು, ಹಾಳೆ ಹಾಳೆಗೂ ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳು. ಅದನ್ನು ಬದಲಿಸಿ ಎಂದು ಅಣ್ಣ ಅವರೊಡನೆ ಎಷ್ಟು ಸಲ ಜಗಳ ಕಾದಿರಲಿಲ್ಲ!

ಗಂಟೆ ಹನ್ನೊಂದೂ ಹತ್ತು. ಚಿಕ್ಕಮ್ಮ ಎದ್ದರು. ಹೋಗುವಾಗ ಮಗಳ ಭುಜ ತಟ್ಟಿ, ಗಾಬರಿ ಬೇಡ, ನಾನಿದ್ದೇನೆ ಎಂದರು. ಚಿಕ್ಕಮ್ಮ ಹೋಗುವುದು ಬೇಡವೇನೋ ಎಂಬಂತೆ ಅವಳು ಒಂದು ಗಳಿಗೆ ಅವರ ಕೈಯನ್ನು ಹಿಡಿದುಕೊಂಡಳು, ಆಮೇಲೆ ಬಿಟ್ಟಳು.

ಸಭಾಂಗಣದಲ್ಲಿ ಜನ ಹೆಚ್ಚಿರಲಿಲ್ಲ. ಉದ್ದನೆಯ ಬೆಂಚಿನ ಕೊನೆಯಲ್ಲಿ ನಿಧಾನಪ್ಪ ಕಾಗದದ ಲೋಟದಲ್ಲಿ ಟೀ ಹಿಡಿದು ಊದುತ್ತಿದ್ದರು. ಒಮ್ಮೆ ಊದಿ ಲೋಟದೊಳಗೆ ನೋಡುವುದು, ಮತ್ತೆ ಊದುವುದು. ಟೀ ಯಾವಾಗಲೋ ಆರಿಹೋಗಿತ್ತು. ಅವರ ಬೂಟು, ಚೀಲದ ಕೊಂಡಿ, ಕೋಟಿನ ಗುಂಡಿ, ಎಲ್ಲವೂ ಮಿರಮಿರ ಮಿಂಚುತ್ತಿದ್ದವು.

ಚಿಕ್ಕಮ್ಮ ಪಕ್ಕದಲ್ಲಿ ಕೂತು ಹಾಯಾಗಿ ಕಾಲು ಚಾಚಿದರು. ನೇರವಾಗಿ ಕೇಳಿದರೆ ಈ ಮನುಷ್ಯ ಉತ್ತರಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆಂದು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತು ಅವರ ಬಳಿ ಇರಲಿಲ್ಲ.

"ಎಲ್ಲ ಮುಗೀತಾ ತಂಗಿ?" ಎಂದು ನಿಧಾನಪ್ಪ ಎರಡು ಸಲ ಊದಿ ಕೇಳಿದರು.

"ಮುಗಿದ ಹಾಗೇ. ಆಯಮ್ಮ ಬಲು ಗಟ್ಟಿಗಿತ್ತಿ. ಒಂದೊಂದೇ ಲಕೋಟೆ ಬಿಚ್ಚಿ, ಮೂರು ಮೂರು ಸಲ ಎಣಿಸಿದ್ರು," ಎಂದರು ಚಿಕ್ಕಮ್ಮ. "ಎಂಬತ್ತೇಳು. ಪಟ್ಟಿಗೆ ಸರಿಯಾಗಿ ತಾಳೆಯಾಯ್ತು."

ಎಣಿಕೆಯ ವಿಷಯದಲ್ಲಿ ಮೂವತ್ತು ವರ್ಷಕ್ಕೆ ಅವರು ಹೇಳಿದ ಮೊದಲ ಸುಳ್ಳು ಇದು. ನಾಲಿಗೆಗೆ ಸ್ವಲ್ಪ ಕಹಿಯೆನಿಸಿತು.

ಗೆಳೆಯನ ಗಂಟು ಕ್ಷೇಮವಾಗಿ ದಾಟಿತೆಂದರೆ ಯಾರಾದರೂ ಸಂತೋಷ ಪಡಬೇಕು. ನಿಧಾನಪ್ಪನವರ ಮುಖದ ಬಣ್ಣ ಇಳಿಯಿತು.

"ಎಂಬತ್ತೇಳಾ?"

"ಎಂಬತ್ತೇಳು."

"ಸರಿಯಾಗಿ ನೋಡಿದ್ರಾ? ಕೆಳಗಿನ ತಟ್ಟೆನೂ ತೆಗೆದ್ರಾ? ಕೊನೇ ಸಾಲು? ಬೀಗ ಹಾಕಿದ ಮೇಲೆ ಪೆಟ್ಟಿಗೇನ ಯಾರೂ ತೆರೆದಿಲ್ಲ ತಾನೇ?"

ಒಂದೇ ಉಸಿರಿಗೆ ನಾಲ್ಕು ಪ್ರಶ್ನೆ. ಅಣ್ಣ ಬದುಕಿದ್ದರೆ ಇದನ್ನು ನೋಡಲು ಗಡಿಯಾರಗಳನ್ನೆಲ್ಲ ನಿಲ್ಲಿಸಿ ಬರುತ್ತಿದ್ದರು.

ಚಿಕ್ಕಮ್ಮ ಚಾಚಿದ್ದ ಕಾಲನ್ನು ಮಡಚಿಕೊಂಡು ಅವರತ್ತ ತಿರುಗಿದರು. ಆಮೇಲೆ ಮೆಲ್ಲಗೆ, "ಕೊನೇ ಸಾಲಿನಲ್ಲಿ ಏನಿರಬೇಕಿತ್ತು?" ಎಂದರು.

ನಿಧಾನಪ್ಪ ಲೋಟವನ್ನು ಬೆಂಚಿನ ಮೇಲಿಟ್ಟರು. ತಾವು ಬಿದ್ದ ಹಳ್ಳ ಯಾವುದೆಂದು ಅವರಿಗೆ ತಿಳಿಯಲು ಅಷ್ಟೇ ಹೊತ್ತು ಬೇಕಾಯಿತು.

"ಅದು ಅಲ್ಲೇ ಇದೆ ಅನ್ನು," ಎಂದರು.

"ಇದೆ. ಗಾಜಿನ ಲೋಟದ ಕೆಳಗೆ ಕೂತಿದೆ. ಯಾಕೆ ಹೀಗೆ ಮಾಡಿದ್ರಿ? ನಮ್ಮಣ್ಣನ ಜೊತೆ ನಲವತ್ತು ವರ್ಷ ಕೂತು ಎದ್ದವರು ನೀವು. ಅವನ ಪೆಟ್ಟಿಗೆಗೆ ಕಳ್ಳಮಾಲು ಹಾಕ್ತೀರಾ?"

"ಕಳ್ಳಮಾಲಲ್ಲ ತಂಗಿ. ಕಾಗದ ಇಲ್ಲದ ಮಾಲು. ಎಲ್ಲಿಂದ ಬಂತು ಅಂತ ತೋರಿಸೋಕಾಗಲ್ಲ, ಅದಕ್ಕೆ ಪರವಾನಗಿ ಸಿಗಲ್ಲ. ಲಾಭಕ್ಕೆ ಅಂತೂ ಖಂಡಿತ ಅಲ್ಲ. ಆಚೆ ಕಡೆ ಒಬ್ಬರಿಗೆ ಅದು ಸೇರಬೇಕು."

ಯಾರಿಗೆ ಎಂದು ಕೇಳಿದ್ದಕ್ಕೆ ಅವರು ತಲೆಯಾಡಿಸಿದರು. ಅದೊಂದನ್ನು ಬಿಟ್ಟು ಏನು ಬೇಕಾದರೂ ಕೇಳು ಎಂದರು. ಮಗಳಿಗೆ ಇದರಿಂದ ಏನಾಗುತ್ತದೆಂದು ಯೋಚಿಸಿದಿರಾ ಎಂದು ಚಿಕ್ಕಮ್ಮ ಬಿಡದೆ ಕೇಳಿದರು. ಮೊಕದ್ದಮೆ, ಮುಟ್ಟುಗೋಲು, ಗೋಣಿಚೀಲ, ಒಂದೊಂದನ್ನೂ ಬಿಡಿಸಿ ಹೇಳಿದರು. ನಿಧಾನಪ್ಪನವರ ಕಣ್ಣಲ್ಲಿ ನೀರಾಡಿತು. ಹಾಗಾಗುತ್ತದೆಂದು ತಾವು ಅಂದುಕೊಂಡಿರಲಿಲ್ಲವೆಂದೂ, ಎಂಬತ್ತೇಳರ ನಡುವೆ ಒಂದು ಹೆಚ್ಚಿಗೆ ಇದ್ದರೆ ಯಾರು ನೋಡುತ್ತಾರೆ ಎಂದುಕೊಂಡೆನೆಂದೂ ಹೇಳಿದರು. ಪೆಟ್ಟಿಗೆ ಜೋಡಿಸಿದ್ದು ಯಾರು ಎಂಬುದನ್ನಾದರೂ ನೆನಪಿಟ್ಟುಕೊಳ್ಳಬೇಕಿತ್ತು ಎಂದು ಚಿಕ್ಕಮ್ಮ ಗದರಿದರು.

"ಆ ಹುಡುಗಿ ಪಾಪ, ನನ್ನ ಮುಖ ನೋಡಿದ್ದೇ ನಿನ್ನೆ. ನೀನೇ ತಾನೇ ಪರಿಚಯ ಮಾಡಿಸಿದ್ದು?" ಎಂದರು ನಿಧಾನಪ್ಪ ಎದ್ದು ನಿಲ್ಲುತ್ತ. "ಅವಳ ತಲೆಗೆ ಬರೋದು ಬೇಡ. ನಡಿ. ನಾನೇ ಇಟ್ಟೆ ಅಂತ ಬರ್ಕೊಡ್ತೀನಿ."

ಹತ್ತು ಹೆಜ್ಜೆಯ ದಾರಿಗೆ ಅವರು ಯಾವತ್ತೂ ತೆಗೆದುಕೊಳ್ಳುವಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಚಿಕ್ಕಮ್ಮನೇ ಹಿಂದೆ ಬೀಳುವ ಹಾಗೆ ನಡೆದರು. ಬಿಸಿಲು ಸಭಾಂಗಣದ ನೆಲದ ಮೇಲೆಲ್ಲ ಹರಡಿತ್ತು. ಚಿಕ್ಕಮ್ಮನಿಗೆ ಮನಸ್ಸು ಹಗುರಾಗಿ ಒಂದು ಹಾಡನ್ನು ಗುನುಗುವ ಹಾಗಾಯಿತು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿದಿತ್ತು. ನಾಣ್ಯಗಳು ಗೋಣಿಚೀಲದಿಂದ ಪಾರಾದವು. ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ತನಗೇ ಎಂದು ಅಳಿಯನಿಗೆ ಮೊದಲೇ ಹೇಳಿಬಿಡಬೇಕು.

ಬಾಗಿಲು ತೆರೆದಾಗ ಅಳಿಯ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖ ನೋಡಿದರೆ ಭೂಮಿ ಚಪ್ಪಟೆಯಾಗಿದೆ ಎಂದು ಯಾರೋ ಸಾಧಿಸಿ ತೋರಿಸಿದಂತಿತ್ತು.

"ಇವರು ಹೇಳಿಕೆ ಕೊಡ್ತಾರೆ," ಎಂದರು ಚಿಕ್ಕಮ್ಮ, ನಿಧಾನಪ್ಪನವರನ್ನು ಮುಂದೆ ಬಿಟ್ಟು. "ಎಂಬತ್ತೆಂಟನೆಯದು ಇವರದು."

ಅಧಿಕಾರಿ ಚಿಕ್ಕಮ್ಮನನ್ನು ನೋಡಿದರು, ನಿಧಾನಪ್ಪನವರನ್ನು ನೋಡಿದರು, ತಮ್ಮ ಮುಂದಿದ್ದ ಹಾಳೆಯನ್ನು ನೋಡಿದರು.

"ಇಪ್ಪತ್ತು ವರ್ಷದಿಂದ ಈ ಮೇಜಿನ ಮುಂದೆ ಕೂತವರೆಲ್ಲ 'ಇದು ನಂದಲ್ಲ' ಅಂತಾನೇ ಹೇಳಿರೋದು," ಎಂದರು. "ಇವತ್ತು ಒಂದೇ ನಾಣ್ಯಕ್ಕೆ ಇಬ್ಬರು ಬಂದಿದ್ದೀರಿ. ನಿಮ್ಮ ಮಗಳು ಆಗಲೇ ಬರ್ಕೊಟ್ಟಾಗಿದೆ."

ಚಿಕ್ಕಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡರು. ಮಗಳ ಅಕ್ಷರ, ದುಂಡಗೆ, ಔಷಧಿ ಚೀಟಿಯಂತಲ್ಲದೆ ಓದಲು ಬರುವಂತೆ. ಎಂಬತ್ತೆಂಟನೆಯ ನಾಣ್ಯ ತನ್ನದು. ಅದು ಪೆಟ್ಟಿಗೆ ಸೇರಿದ್ದು ತನಗೆ ಗೊತ್ತಿದ್ದೇ. ಇದರಲ್ಲಿ ಮನೆಯ ಬೇರೆ ಯಾರ ಪಾಲೂ ಇಲ್ಲ. ಕೆಳಗೆ ಸಹಿ.

ಹುಚ್ಚು ಹುಡುಗಿ, ಗಂಡನನ್ನು ಉಳಿಸಲು ಹೀಗೆ ಬರೆದಿದ್ದಾಳೆ ಎಂದು ಚಿಕ್ಕಮ್ಮನಿಗೆ ಅನ್ನಿಸಿತು. ಪೊಟ್ಟಣದ ಕಥೆಯನ್ನು ಅವಳು ನಂಬಲಿಲ್ಲವೋ ಏನೋ. ಗಾಬರಿಯಲ್ಲಿ ಬರೆದದ್ದು, ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆ ನಾಣ್ಯವನ್ನು ಅವಳು ಕಂಡೇ ಇಲ್ಲ ಎಂದು ಅಧಿಕಾರಿಗೆ ಹೇಳಿದರು.

"ನಾನೂ ಹಾಗೇ ಅಂದ್ಕೊಂಡೆ," ಎಂದರು ಅಧಿಕಾರಿ. "ಹಿಂದಿನ ಪುಟ ಓದಿ."

ಚಿಕ್ಕಮ್ಮ ಹಾಳೆ ತಿರುವಿದರು. ಅಲ್ಲಿ ಎರಡೇ ಸಾಲು. 'ಹಡಗಿನ ಹಿಂಬದಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ ಇದೆ. ಅದರ ಪಾದದ ಕೆಳಗೆ, ಅಂಚಿಗೆ ಅಂಟಿಕೊಂಡಂತೆ, ಅಡ್ಡಡ್ಡವಾಗಿ ಎರಡು ಗೀರುಗಳಿವೆ. ಅವನ್ನು ಗೀರಿದವಳು ನಾನು.'

ನಾಣ್ಯ ಬಟ್ಟೆಯ ಮೇಲೆ ಜಾರಿದ್ದು ಹಡಗಿನ ಮುಖ ಮೇಲಾಗಿ. ಅಲ್ಲಿಂದೀಚೆಗೆ ಅದು ಬೋರಲು ಹಾಕಿದ ಲೋಟದ ಕೆಳಗೇ ಇತ್ತು. ಅಧಿಕಾರಿ ಕುರ್ಚಿ ಬಿಟ್ಟು ಕದಲಿರಲಿಲ್ಲ. ಈ ಕೋಣೆಯಲ್ಲಿ ಅದರ ಹಿಂಬದಿಯನ್ನು ನೋಡಿದವರು ಒಬ್ಬರೂ ಇಲ್ಲ.

"ಸಾಕ್ಷಿಗಳಿಗೇನೂ ಕೊರತೆಯಿಲ್ಲ ಈಗ," ಎಂದು ಅಧಿಕಾರಿ ಲೋಟ ಎತ್ತಿದರು. ಹೆಬ್ಬೆರಳು ತೋರುಬೆರಳಿನಲ್ಲಿ ಅಂಚನ್ನಷ್ಟೇ ಹಿಡಿದು ನಾಣ್ಯವನ್ನು ತಿರುಗಿಸಿದರು.

ಒಂಟಿ ಕಾಲಿನ ಮೇಲೆ ಕೊಕ್ಕರೆ ನಿಂತಿತ್ತು. ಪಾದದ ಕೆಳಗೆ ಎರಡು ಗೀರು.

ಚಿಕ್ಕಮ್ಮ ಮಗಳ ಕಡೆ ತಿರುಗಿದರು. ಅವಳು ಚಿಕ್ಕಮ್ಮನನ್ನು ನೋಡುತ್ತಿರಲಿಲ್ಲ. ಬಾಗಿಲ ಬಳಿ ಹಿಂದೆ ನಿಂತಿದ್ದ ನಿಧಾನಪ್ಪನವರನ್ನು ನೋಡುತ್ತಿದ್ದಳು. ನಿನ್ನೆಯಷ್ಟೇ ಪರಿಚಯವಾದವರನ್ನು ನೋಡುವ ನೋಟವಲ್ಲ ಅದು; ಆಚೆ ಕಡೆ ನಾಣ್ಯ ಸೇರಬೇಕಿದ್ದ ಆ 'ಒಬ್ಬರು' ಯಾರೆಂದು ಚಿಕ್ಕಮ್ಮನಿಗೆ ಆಗ ಹೊಳೆಯಿತು.

ನಿಧಾನಪ್ಪ ಕೈಗೆ ಸಿಕ್ಕ ಕುರ್ಚಿಯನ್ನು ಎಳೆದುಕೊಂಡು ಕೂತರು.

"ಸಾಯೋವರೆಗೂ ಹೇಳಲ್ಲ ಅಂತ ನನಗೆ ಮಾತು ಕೊಟ್ಟಿದ್ದೆಯಲ್ಲ ಮಗೂ," ಎಂದರು ಅವರು.